ನೆಟ್ಟವರು ಹೋದರು, ಇನ್ನು ಕಾಯುವವರು ಬೇಕು

ಕಾಚಿಗೂಡ: ಬಿಜಾಪುರ ರಸ್ತೆ ಹಿಡಿದು ಊರಿಗೆ ಹೋಗಿಬರುವ ನಮ್ಮ ಬಾಂಧವರಿಗೆ ಚೇವೆಳ್ಳ ಹಾದಿಯ ಆಲದ ಮರಗಳ ಪರಿಚಯ ಹೇಳಬೇಕಿಲ್ಲ. ನಗರ ದಾಟಿ ಸ್ವಲ್ಪ ಹೊತ್ತಿಗೆ ಬಸ್ಸು ನೆರಳಿನೊಳಗೆ ಹೊಕ್ಕಿತೆಂದರೆ ಊರಿನ ದಾರಿ ಸಿಕ್ಕಿತೆಂದೇ ಲೆಕ್ಕ. ಪೊಲೀಸ್ ಅಕಾಡೆಮಿಯಿಂದ ಮನ್ನೆಗೂಡದವರೆಗಿನ 46 ಕಿ.ಮೀ. ಹಾದಿಯಲ್ಲಿ ಇಂಥ ಸುಮಾರು 900 ಮರಗಳಿವೆ. ಇವು ನಿಜಾಮರ ಕಾಲದವು ಎಂದು ಹಿರಿಯರು ಹೇಳುತ್ತಾರೆ. ರಸ್ತೆ ಅಗಲೀಕರಣದಲ್ಲಿ ಇವುಗಳ ಗತಿ ಏನು ಎಂಬ ಪ್ರಶ್ನೆಗೆ 2025ರಲ್ಲಿ ಒಂದು ಉತ್ತರ ಸಿಕ್ಕಿತು.

ಅದೇ ವರ್ಷ ಗಚ್ಚಿಬೌಲಿಯ ಕುರುಚಲು ಕಾಡಿಗಾಗಿ ವಿದ್ಯಾರ್ಥಿಗಳು ಬೀದಿಗಿಳಿದರು. 2024ರ ಡಿಸೆಂಬರ್‌ನಿಂದ 2025ರ ನವೆಂಬರ್‌ವರೆಗಿನ ಹನ್ನೆರಡು ತಿಂಗಳೊಳಗೆ, ಗಿಡ ನೆಡುವುದನ್ನೇ ಬಾಳಾಗಿಸಿಕೊಂಡಿದ್ದ ಮೂವರು ಹಿರಿಯರು ಕಣ್ಮುಚ್ಚಿದರು. ಕನ್ನಡಿಗರೂ ತೆಲುಗರೂ ಜೊತೆಯಾಗಿ ನೆನೆಯಬೇಕಾದ ವರ್ಷ ಅದು.

ಮೂವರು ಹಿರಿಯರು

ಮೊದಲು ಹೋದವರು ತುಳಸಿ ಗೌಡ. ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ಈ ತಾಯಿ ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಿನಗೂಲಿಯಾಗಿ ದುಡಿದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಯಾವ ಜಾತಿಗೆ ಯಾವುದು ತಾಯಿ ಮರ, ಅದರ ಬೀಜವನ್ನು ಯಾವಾಗ ಆರಿಸಬೇಕು ಎಂಬುದೆಲ್ಲ ಅವರಿಗೆ ಕರತಲಾಮಲಕವಾಗಿತ್ತು. 2021ರ ನವೆಂಬರ್‌ನಲ್ಲಿ ಬರಿಗಾಲಿನಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದ ಅವರು 2024ರ ಡಿಸೆಂಬರ್ 16ರಂದು ತೀರಿಕೊಂಡರು.

2025ರ ಏಪ್ರಿಲ್ 12ರಂದು ಖಮ್ಮಂ ಜಿಲ್ಲೆಯ ರೆಡ್ಡಿಪಲ್ಲಿಯಲ್ಲಿ 'ವನಜೀವಿ' ದರಿಪಲ್ಲಿ ರಾಮಯ್ಯ ನಿಧನರಾದರು. ಜೇಬಿನಲ್ಲಿ ಬೀಜ, ಸೈಕಲ್ಲಿನಲ್ಲಿ ಸಸಿ ಇಟ್ಟುಕೊಂಡು ಊರೂರು ತಿರುಗಿದ ಇವರಿಗೆ 2017ರಲ್ಲಿ ಪದ್ಮಶ್ರೀ ಬಂದಿತ್ತು.

ರಾಜ್ಯೋತ್ಸವದ ತಿಂಗಳಲ್ಲೇ, ನವೆಂಬರ್ 14ರಂದು, ಸಾಲುಮರದ ತಿಮ್ಮಕ್ಕ ಅಗಲಿದರು. ಅವರಿಗೆ 114 ವರ್ಷವಾಗಿತ್ತು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ ಅವರೂ ಪತಿ ಚಿಕ್ಕಯ್ಯನವರೂ ಬೆಳೆಸಿದ ಆಲದ ಮರಗಳು 385. ಮೊದಲ ವರ್ಷ ಅವರು ನೆಟ್ಟದ್ದು ಕೇವಲ 10 ಸಸಿ. ಮರುವರ್ಷ 15, ಅದರ ಮರುವರ್ಷ 20. ಮಳೆಗಾಲಕ್ಕೆ ನೆಡುವುದು, ದನ ಮೇಯದಂತೆ ಮುಳ್ಳು ಕಟ್ಟುವುದು, ಬೇಸಿಗೆಯಲ್ಲಿ ಮೈಲಿಗಟ್ಟಲೆ ನೀರು ಹೊತ್ತು ಹಾಕುವುದು, ಇದೇ ಅವರ ಶಾಸ್ತ್ರ. ತಾವು ಉಳಿಸಿಕೊಳ್ಳಬಲ್ಲಷ್ಟನ್ನೇ ನೆಟ್ಟರು, ನೆಟ್ಟದ್ದನ್ನು ಮಕ್ಕಳಂತೆ ಸಾಕಿದರು.

ಯುಗಾದಿಯ ದಿನ ಬಂದ ಯಂತ್ರಗಳು

2025ರ ಮಾರ್ಚ್ 30, ಯುಗಾದಿ. ನಗರವೆಲ್ಲ ಬೇವು ಬೆಲ್ಲ ಹಂಚುತ್ತಿದ್ದಾಗ ಹೈದರಾಬಾದ್ ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆಗೆ ಜೆಸಿಬಿಗಳು ಬಂದವು. ಜಮೀನು ಸರ್ಕಾರದ್ದು, ಇದು ಅರಣ್ಯವಲ್ಲ, ಐ.ಟಿ. ಉದ್ಯಮಗಳು ಬಂದರೆ ಉದ್ಯೋಗ ಬರುತ್ತದೆ ಎಂಬುದು ಸರ್ಕಾರದ ವಾದ. ಇಲ್ಲಿ ಜಿಂಕೆ, ನವಿಲು, ನಕ್ಷತ್ರ ಆಮೆಗಳಿವೆ, ಕೆರೆಗಳಿವೆ, ಇದನ್ನು ಮುಟ್ಟಬೇಡಿ ಎಂಬುದು ವಿದ್ಯಾರ್ಥಿಗಳ ವಾದ. ಅಡ್ಡ ನಿಂತ ಹಲವರನ್ನು ಪೊಲೀಸರು ವಶಕ್ಕೆ ಪಡೆದರು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡು ಕೆಲಸ ನಿಲ್ಲಿಸಿತು. ಅಷ್ಟರಲ್ಲಿ ಸುಮಾರು 100 ಎಕರೆ ಬೋಳಾಗಿತ್ತು. ಅದನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವ ಯೋಜನೆ ಕೊಡಿ ಎಂದು ಏಪ್ರಿಲ್ 16ರಂದು ನ್ಯಾಯಪೀಠ ಸರ್ಕಾರಕ್ಕೆ ಹೇಳಿತು.

'ಕಂಚ' ಎಂಬ ಮಾತನ್ನು ನಮ್ಮವರು ಗಮನಿಸಬೇಕು. ತೆಲುಗಿನಲ್ಲಿ ಅದು ದನ ಮೇಯಲು ಬಿಟ್ಟ ಜಾಗ. ಹಳೆ ಮೈಸೂರಿನವರು ಅದನ್ನೇ ಕಾವಲು ಎನ್ನುತ್ತಾರೆ, ಬೀದರ್ ಕಲಬುರ್ಗಿಯವರು ಗಾಯರಾಣ ಎನ್ನುತ್ತಾರೆ. ಕಾಗದದಲ್ಲಿ ಮಾತ್ರ ಅದು 'ಪಾಳು ಭೂಮಿ'. ಬಂಡೆ, ಹುಲ್ಲು, ಮುಳ್ಳುಪೊದೆ ಕಂಡ ಕೂಡಲೇ ಇಲ್ಲೇನೂ ಇಲ್ಲ ಎಂದುಬಿಡುತ್ತೇವೆ. ಆದರೆ ಬತುಕಮ್ಮನಿಗೆ ಏರಿಸುವ ತಂಗೇಡು, ಗುನುಗು ಹೂಗಳು ಬೆಳೆಯುವುದು ಇಂಥ ನೆಲದಲ್ಲೇ. ತಂಗೇಡು ನಮ್ಮ ತಂಗಡಿ, ಗುನುಗು ನಮ್ಮ ಅಣ್ಣೆ ಸೊಪ್ಪು. ದಖ್ಖನ್ನಿನ ಕಾಡು ಮಲೆನಾಡಿನಂತೆ ದಟ್ಟವಲ್ಲ. ಬೇಸಿಗೆಯಲ್ಲಿ ಒಣಗಿ ಕಂದಾಗಿ ನಿಂತು, ಒಂದೆರಡು ಮಳೆ ಬಿದ್ದರೆ ಚಿಗುರುವುದು ಅದರ ಗುಣ. ಬೇರುಗಳು ಉಳಿದಿದ್ದರೆ, ಬೆಂಕಿಯೂ ಯಂತ್ರವೂ ತಾಕದಿದ್ದರೆ ಅದು ತಾನೇ ಎದ್ದು ಬರುತ್ತದೆ. ಬೇರು ಸಮೇತ ಕಿತ್ತು ಮಣ್ಣು ಮಟ್ಟ ಮಾಡಿದ ಮೇಲೆ ಎಷ್ಟು ಸಸಿ ನೆಟ್ಟರೂ ಮೊದಲಿನ ಕಾಡು ಬರುವುದು ಕಷ್ಟ.

ಮರವೂ ಬೇಕು, ರಸ್ತೆಯೂ ಬೇಕು

ಚೇವೆಳ್ಳದ ಕಥೆ ಇನ್ನೂ ಕಠಿಣ. ಮರ ಉಳಿಸಲು ನಾಗರಿಕರು ಹಸಿರು ನ್ಯಾಯಮಂಡಳಿಯ ಮೊರೆ ಹೋಗಿದ್ದರು. ಹೆಚ್ಚಿನ ಮರಗಳನ್ನು ಇದ್ದಲ್ಲೇ ಉಳಿಸುವಂತೆ ನಕ್ಷೆ ಬದಲಾದ ಮೇಲೆ, 2025ರ ಅಕ್ಟೋಬರ್ ಕೊನೆಗೆ ಕಾಮಗಾರಿಗಿದ್ದ ತಡೆ ತೆರವಾಯಿತು. ಕೆಲವೇ ದಿನಗಳಲ್ಲಿ, ನವೆಂಬರ್ 3ರಂದು, ತಾಂಡೂರಿನಿಂದ ನಗರಕ್ಕೆ ಬರುತ್ತಿದ್ದ ಆರ್‌ಟಿಸಿ ಬಸ್ಸಿಗೆ ಚೇವೆಳ್ಳದ ಬಳಿ ಜಲ್ಲಿ ತುಂಬಿದ ಟಿಪ್ಪರ್ ಗುದ್ದಿ 19 ಮಂದಿ ಸತ್ತರು. ರಸ್ತೆ ಅಗಲವಾಗಬೇಕೆಂಬ ಕೂಗು ಎದ್ದಿತು. ಆ ಕೂಗಿನಲ್ಲಿ ನ್ಯಾಯವಿತ್ತು. ಸತ್ತವರ ಮನೆಯವರ ಮುಂದೆ ನಿಂತು ಮರವೇ ಮುಖ್ಯ ಎಂದು ಯಾರೂ ಹೇಳಲಾರರು. ಆದರೆ ಮರ ಉಳಿಸಿಯೂ ರಸ್ತೆ ಮಾಡಬಹುದು ಎಂಬ ನಕ್ಷೆಯನ್ನು ಮೊದಲೇ ಮಾಡಿದ್ದರೆ ಇಷ್ಟು ವರ್ಷ ಎರಡಕ್ಕೂ ಕಾಯಬೇಕಿರಲಿಲ್ಲ. ತಿಮ್ಮಕ್ಕನ ಮರಗಳಿಗೂ 2019ರಲ್ಲಿ ರಸ್ತೆ ಅಗಲೀಕರಣದ ಕುತ್ತು ಬಂದಿತ್ತು. ಅಜ್ಜಿಯೇ ಮನವಿ ಮಾಡಿದಾಗ ಕರ್ನಾಟಕ ಸರ್ಕಾರ ಬೇರೆ ದಾರಿ ನೋಡುವುದಾಗಿ ಹೇಳಿತು.

ನಮ್ಮ ಪಾಲಿನ ಕೆಲಸ

ಕಾಚಿಗೂಡದ ಗಲ್ಲಿಗಳಲ್ಲಿ ಗಿಡಕ್ಕೆ ಜಾಗವೆಲ್ಲಿ ಎಂದು ಕೇಳುವವರಿದ್ದಾರೆ. ನಿಜ. ಆದರೂ ಶಾಲೆಯ ಅಂಗಳವಿದೆ, ಗುಡಿಯ ಪ್ರಾಂಗಣವಿದೆ, ಅಪಾರ್ಟ್‌ಮೆಂಟಿನ ಮೂಲೆಯಿದೆ. ಅಲಂಕಾರದ ಕೋನೋಕಾರ್ಪಸ್ ಅಲ್ಲಿ ಬೇಡ. ಗುಜರಾತ್ ಸರ್ಕಾರ 2023ರಲ್ಲೇ ಅದನ್ನು ನಿಷೇಧಿಸಿದೆ. ಬೇವು, ಹೊಂಗೆ, ಮುತ್ತುಗ, ಬನ್ನಿ ಇರಲಿ. ವಿಜಯದಶಮಿಗೆ ನಾವು ಬಂಗಾರವೆಂದು ಹಂಚುವ ಬನ್ನಿಯೇ ಇಲ್ಲಿಯವರ ಜಮ್ಮಿ, ತೆಲಂಗಾಣದ ರಾಜ್ಯವೃಕ್ಷ. ಎರಡೂ ಮನೆಯ ಹಬ್ಬಕ್ಕೆ ಒಂದೇ ಮರ ಸಾಕು.

ಪ್ರತಿ ಸಮಾರಂಭದಲ್ಲೂ ಅತಿಥಿಗಳಿಂದ ಸಸಿ ನೆಡಿಸಿ ಫೋಟೋ ತೆಗೆಸುವುದು ನಮ್ಮಲ್ಲಿ ರೂಢಿಯಾಗಿದೆ. ಮರುವರ್ಷ ಅದೇ ಗುಂಡಿಯಲ್ಲಿ ಮತ್ತೊಂದು ಸಸಿ ನೆಡುವುದನ್ನೂ ಕಂಡಿದ್ದೇವೆ. ಮುಂದಿನ ರಾಜ್ಯೋತ್ಸವಕ್ಕೆ ನಮ್ಮ ಸಂಘ ಸಂಸ್ಥೆಗಳು ಒಂದು ಹೊಸ ಪದ್ಧತಿ ಮಾಡಲಿ. ನೆಟ್ಟವರ ಹೆಸರಿನ ಫಲಕ ಬೇಡ, ಎರಡು ಬೇಸಿಗೆ ನೀರು ಹಾಕಿದವರ ಹೆಸರನ್ನು ವೇದಿಕೆಯಲ್ಲಿ ಓದಲಿ. ಆ ಪಟ್ಟಿಯಲ್ಲಿ ಹತ್ತೇ ಹೆಸರಿದ್ದರೂ ಚಿಂತೆಯಿಲ್ಲ. ತಿಮ್ಮಕ್ಕನೂ ಹತ್ತರಿಂದಲೇ ಶುರು ಮಾಡಿದ್ದು.