ಕಡಲಾಳಕ್ಕೊಂದು ಪಾತಾಳಗರಡಿ

ಹವಾಯಿಯಿಂದ ವಾಯವ್ಯಕ್ಕೆ ಸಾಗಿ, ನಡುವೆ ಥಟ್ಟನೆ ಉತ್ತರಕ್ಕೆ ಹೊರಳಿ, ರಷ್ಯಾದ ಕಮ್ಚಾಟ್ಕಾದವರೆಗೆ ಸುಮಾರು 6,000 ಕಿ.ಮೀ. ಉದ್ದಕ್ಕೆ ಆರಿದ ಜ್ವಾಲಾಮುಖಿಗಳ ಸಾಲೊಂದಿದೆ. ಹೆಚ್ಚಿನವು ಪೆಸಿಫಿಕ್ ನೀರಿನಡಿ ಮುಳುಗಿವೆ. ಉತ್ತರದ ಬೆಟ್ಟಗಳಿಗೆ ನಿಂತೊಕು, ಸುಯ್ಕೊ ಎಂದು ಜಪಾನಿನ ಚಕ್ರವರ್ತಿಗಳ ಹೆಸರು. ನಡುವೆ ಡೆಟ್ರಾಯಿಟ್ ಎಂಬುದೊಂದು ಹೇಗೋ ನುಸುಳಿಕೊಂಡಿದೆ.

ಇವುಗಳ ಕಲ್ಲು ಕೀಳುವ ಹಳೆಯ ಸಾಧನ ಡ್ರೆಜ್. ಹಲ್ಲುಗಳಿರುವ ಉಕ್ಕಿನ ಚೌಕಟ್ಟು, ಅದರ ಹಿಂದೆ ಸರಪಳಿ ಹೆಣೆದ ಚೀಲ: ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯ ದೊಡ್ಡಣ್ಣ ಎನ್ನಬಹುದು. ಕಿಲೋಮೀಟರುಗಟ್ಟಲೆ ಉಕ್ಕಿನ ಹಗ್ಗ ಇಳಿಬಿಟ್ಟು, ಬೆಟ್ಟದ ಇಳಿಜಾರಿನಲ್ಲಿ ಅದನ್ನು ಮೇಲ್ಮುಖವಾಗಿ ಎಳೆಯುತ್ತಾರೆ. ಹಗ್ಗದ ಬಿಗಿತ ಅಳೆಯುವ ಮಾಪಕದ ಮೇಲೇ ಎಲ್ಲರ ಕಣ್ಣು. ಬಿಗಿತ ಏರಿ ಇಳಿದರೆ ಕಲ್ಲು ಮುರಿದಿದೆ. ಏರುತ್ತಲೇ ಹೋದರೆ ಡ್ರೆಜ್ ಸಿಕ್ಕಿಕೊಂಡಿದೆ. ಹಗ್ಗ ತುಂಡಾಗದಿರಲೆಂದು, ಮೊದಲು ತಾನೇ ಮುರಿಯುವ ದುರ್ಬಲ ಕೊಂಡಿಯೊಂದನ್ನು ಬೇಕೆಂದೇ ಜೋಡಿಸಿರುತ್ತಾರೆ.

ಮೇಲೆ ಬಂದದ್ದೆಲ್ಲ ಆ ಬೆಟ್ಟದ್ದೇ ಎಂದು ನಂಬುವಂತಿಲ್ಲ. ಉತ್ತರದ ನೀರಿನಲ್ಲಿ ತೇಲುವ ಹಿಮಗಡ್ಡೆಗಳು ದೂರದ ನೆಲದ ಕಲ್ಲುಗಳನ್ನು ಹೊತ್ತು ತಂದು ಕೆಡವಿವೆ. ಕಪ್ಪು ಮ್ಯಾಂಗನೀಸ್ ಲೇಪ ಹತ್ತಿದ ಮೇಲೆ ಎಲ್ಲವೂ ಒಂದೇ ಬಣ್ಣ. ಗರಗಸದಿಂದ ಸೀಳಿ, ಉಪ್ಪುನೀರು ಕೆಡಿಸದ ತಿರುಳನ್ನು ಆರಿಸಿಕೊಂಡರೆ, ಅದರೊಳಗಿನ ಪೊಟ್ಯಾಸಿಯಮ್ ಕ್ಷಯಿಸಿ ಆದ ಆರ್ಗಾನ್ ಅನಿಲ ಕಲ್ಲಿನ ವಯಸ್ಸು ಹೇಳುತ್ತದೆ.

ಈ ಬೆಟ್ಟಗಳಿಗೆ ಲಾವಾ ಉಕ್ಕಿಸಿದ ಕೆಳಗಿನ ಬಿಸಿ ತಾಣ, ಅಂದರೆ ಹಾಟ್‌ಸ್ಪಾಟ್ ನಿಂತಲ್ಲೇ ನಿಂತಿದೆ, ಮೇಲಿನ ಭೂಫಲಕ ಚಲಿಸುತ್ತಿದೆ ಎಂದು 1963ರಲ್ಲಿ ಭೂವಿಜ್ಞಾನಿ ಟುಜೊ ವಿಲ್ಸನ್ ಹೇಳಿದ್ದರು. ಹವಾಯಿಯಿಂದ ದೂರ ಹೋದಷ್ಟೂ ಕಲ್ಲುಗಳ ವಯಸ್ಸು ಹೆಚ್ಚುತ್ತದೆ. ತಿರುವಿನ ಬಳಿ ಸುಮಾರು 4.7 ಕೋಟಿ ವರ್ಷ. ತಿರುವಿಗೆ ಕಾರಣ ಫಲಕ ದಿಕ್ಕು ಬದಲಿಸಿದ್ದೇ ಎಂದು ಪಠ್ಯಪುಸ್ತಕಗಳೂ ಬರೆದವು.

ಡ್ರೆಜ್ ತಂದ ಕಲ್ಲಿಗೆ ಒಂದು ಕೊರತೆಯಿದೆ: ಯಾವ ಬದಿ ಮೇಲಿತ್ತು ಎಂಬುದು ಗೊತ್ತಾಗುವುದಿಲ್ಲ. ಲಾವಾ ಆರುವಾಗ ಭೂಮಿಯ ಕಾಂತಕ್ಷೇತ್ರದ ಓರೆ ಅದರಲ್ಲಿ ಉಳಿಯುತ್ತದೆ, ಆ ಓರೆಯಿಂದ ಅದು ಹುಟ್ಟಿದ ಅಕ್ಷಾಂಶ ಸಿಗುತ್ತದೆ. ಆದರೆ ಕಲ್ಲು ಇದ್ದ ಭಂಗಿಯಲ್ಲೇ ಇರಬೇಕು. ಅದಕ್ಕೆ ಕೊರೆಯದೆ ದಾರಿಯಿಲ್ಲ. 2001ರಲ್ಲಿ ‘ಜಾಯ್ಡಿಸ್ ರೆಸಲ್ಯೂಶನ್’ ಹಡಗು ಡೆಟ್ರಾಯಿಟ್, ನಿಂತೊಕು, ಕೊಕೊ ಬೆಟ್ಟಗಳನ್ನು ಕೊರೆಯಿತು. ಹಾಟ್‌ಸ್ಪಾಟ್ ನಿಂತಿದ್ದರೆ ಎಲ್ಲ ಕಲ್ಲೂ ಹವಾಯಿಯ 19 ಡಿಗ್ರಿಯನ್ನೇ ಹೇಳಬೇಕಿತ್ತು. ಡೆಟ್ರಾಯಿಟ್ ಹೇಳಿದ್ದು ಸುಮಾರು 34. ಹಾಟ್‌ಸ್ಪಾಟೇ ದಕ್ಷಿಣಕ್ಕೆ ಸರಿದಿತ್ತು.

ಹಾಗಾದರೆ ಎಲ್ಲ ಹಾಟ್‌ಸ್ಪಾಟ್‌ಗಳೂ ಹೀಗೇ ಅಲೆಯುತ್ತವೆಯೆ? ಅದನ್ನು ನೋಡಲು ಅದೇ ಹಡಗು 2010ರ ಕೊನೆಗೆ ದಕ್ಷಿಣ ಪೆಸಿಫಿಕ್‌ನ ಲೂಯಿವಿಲ್ ಸಾಲಿಗೆ ಹೋಯಿತು. ಅಲ್ಲಿನದು ಉತ್ತರ-ದಕ್ಷಿಣವಾಗಿ ಹೆಚ್ಚೇನೂ ಕದಲಿರಲಿಲ್ಲ.