ಹಾರುಬೂದಿಯೂ ಅದರೊಳಗಿನ ಇಂಗಾಲವೂ

ರಾಯಚೂರಿನ ಕಡೆಯಿಂದ ಹೈದರಾಬಾದಿಗೆ ಬರುವ ನಮ್ಮ ಬಂಧುಗಳು ಕೃಷ್ಣಾ ನದಿಯ ದಡದಲ್ಲಿ ಶಕ್ತಿನಗರದ ಎತ್ತರವಾದ ಹೊಗೆಕೊಳವೆಗಳನ್ನು ಕಂಡೇ ಇರುತ್ತಾರೆ. 1985ರಲ್ಲಿ ಮೊದಲ ಘಟಕ ಆರಂಭವಾದ ಆ ಉಷ್ಣ ವಿದ್ಯುತ್ ಕೇಂದ್ರದಲ್ಲಿ ಎಂಟು ಘಟಕಗಳಿದ್ದು, ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ತೆಲಂಗಾಣದ ಸಿಂಗರೇಣಿ ಗಣಿಗಳ ಕಲ್ಲಿದ್ದಲು ಅಲ್ಲಿಗೂ ಹೋಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿಯೇ ಆದುದರಿಂದ, ಮೂರು ವ್ಯಾಗನ್ ಕಲ್ಲಿದ್ದಲು ಉರಿದರೆ ಒಂದು ವ್ಯಾಗನಿನಷ್ಟಾದರೂ ಬೂದಿ ಉಳಿಯುತ್ತದೆ.

ಈ ಬೂದಿಯನ್ನು ಹೊಂಡಗಳಲ್ಲಿ ತುಂಬಿಟ್ಟರೆ ಬೇಸಗೆಯ ಗಾಳಿಗೆ ಎದ್ದು ಹೊಲ ಮನೆಗಳ ಮೇಲೆ ಬೀಳುತ್ತದೆ. ಅದನ್ನೇ ಸಿಮೆಂಟಿನೊಡನೆ ಬೆರೆಸಿದರೆ ಕಟ್ಟಡಕ್ಕೆ ಬಲವಾಗುತ್ತದೆ. ಬೂದಿಯ ಬಳಕೆಯನ್ನು ಕುರಿತು ಕೇಂದ್ರ ಸರ್ಕಾರ 1999ರಲ್ಲಿಯೇ ಅಧಿಸೂಚನೆ ಹೊರಡಿಸಿತು. 2021ರ ಡಿಸೆಂಬರಿನ ಅಧಿಸೂಚನೆಯಂತೂ ಬೂದಿಯೆಲ್ಲವೂ ಉಪಯೋಗವಾಗಲೇಬೇಕೆಂದು ವಿಧಿಸಿ, ತಪ್ಪಿದಲ್ಲಿ ಟನ್ನಿಗೆ 1,000 ರೂಪಾಯಿಗಳ ದಂಡವನ್ನು ಗೊತ್ತುಮಾಡಿತು.

ಬೂದಿಯಿಂದ ಕಟ್ಟಡವೇ ಎಂದು ಹುಬ್ಬೇರಿಸಬೇಕಾಗಿಲ್ಲ. ಕನ್ನಂಬಾಡಿಯ ಅಣೆಕಟ್ಟನ್ನು ಕಟ್ಟಿದುದು ಸುರ್ಕಿ ಗಾರೆಯಿಂದ. ಅಂದರೆ ಸುಣ್ಣಕ್ಕೆ ಸುಟ್ಟ ಜೇಡಿಮಣ್ಣಿನ ಪುಡಿಯನ್ನು ಬೆರೆಸಿದ ಗಾರೆಯಿಂದ. ಸುಟ್ಟ ಮಣ್ಣಿನಲ್ಲಿರುವ ಸಿಲಿಕಾ ಸುಣ್ಣದೊಡನೆ ಕೂಡಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಾರುಬೂದಿಯ ಗುಣವೂ ಇದೇ. ಸಿಮೆಂಟು ನೀರಿನೊಡನೆ ಬೆರೆತಾಗ ಬಿಡುಗಡೆಯಾಗುವ ಸುಣ್ಣವನ್ನು ಹಿಡಿದುಕೊಂಡು ಅದು ಹೊಸ ಬೆಸುಗೆಯಾಗುತ್ತದೆ. ಅಂಗಡಿಯಲ್ಲಿ ಪಿ.ಪಿ.ಸಿ. ಎಂದು ಮಾರುವ ಹಾರುಬೂದಿಯ ಸಿಮೆಂಟಿನಲ್ಲಿ ನೂರಕ್ಕೆ 15ರಿಂದ 35 ಪಾಲಿನವರೆಗೆ ಈ ಬೂದಿಗೆ ಅವಕಾಶವುಂಟು.

ಆದರೆ ಎಲ್ಲ ಬೂದಿಯೂ ಒಂದೇ ಅಲ್ಲ. ಹೋಟೆಲಿನ ಒಲೆಯ ಮುಂದೆ ನಿಂತವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಾಳಿ ಸಾಲದ ಒಲೆಯಲ್ಲಿ ಸೌದೆ ಪೂರ್ತಿ ಉರಿಯದೆ, ಬೂದಿಯ ನಡುವೆ ಇದ್ದಿಲ ಚೂರುಗಳು ಉಳಿಯುತ್ತವೆ. ಬಾಯ್ಲರಿನಲ್ಲಿಯೂ ಹೀಗೆಯೇ. ಉರಿಯದೆ ಉಳಿದ ಈ ಇಂಗಾಲವೇ ಕಾಂಕ್ರೀಟಿನ ಶತ್ರು. ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ನೀರಿನ ವಾಸನೆಯನ್ನು ಹೀರಲೆಂದು ನಾವು ಇದ್ದಿಲನ್ನು ಬಳಸುವುದು ಈ ಗುಣದಿಂದಲೇ. ಅದೇ ಗುಣದಿಂದ ಅದು ಕಾಂಕ್ರೀಟಿಗೆ ಹಾಕಿದ ನೀರನ್ನೂ ರಾಸಾಯನಿಕ ದ್ರವಗಳನ್ನೂ ಹೀರಿಕೊಳ್ಳುತ್ತದೆ. ಕಲಸುವವನು ಇನ್ನಷ್ಟು ನೀರು ಸುರಿಯುತ್ತಾನೆ. ನೀರು ಹೆಚ್ಚಾದಷ್ಟೂ ಬಲ ಕುಗ್ಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಕಾಂಕ್ರೀಟು ಒಡೆಯದಂತೆ ಅದರೊಳಗೆ ಸಣ್ಣ ಗಾಳಿಗುಳ್ಳೆಗಳನ್ನು ಹುಟ್ಟಿಸುವ ದ್ರವವನ್ನು ಬಳಸುತ್ತಾರೆ. ಇಂಗಾಲವು ಅದನ್ನು ಹೀರಿದರೆ ಅಲ್ಲಿ ಹಾನಿ ಇನ್ನೂ ದೊಡ್ಡದು.

ಆದುದರಿಂದಲೇ ಭಾರತೀಯ ಮಾನಕವು ಬೂದಿಗೊಂದು ಪರೀಕ್ಷೆಯನ್ನು ಇಟ್ಟಿದೆ. ಒಣಗಿಸಿ ತೂಗಿದ ಬೂದಿಯನ್ನು ಕುಲುಮೆಯಲ್ಲಿ ಕಾಯಿಸಿ ಮತ್ತೆ ತೂಗುತ್ತಾರೆ. ಕಡಮೆಯಾದ ತೂಕವು ಬಹುಮಟ್ಟಿಗೆ ಸುಟ್ಟುಹೋದ ಇಂಗಾಲದ್ದು. ಈ ನಷ್ಟ ನೂರಕ್ಕೆ 5ನ್ನು ಮೀರಬಾರದು.

ಮೀರಿದ ಬೂದಿಯನ್ನು ಶುದ್ಧಿಮಾಡುವ ಮಾರ್ಗಗಳೂ ಉಂಟು. ಕಲ್ಲಿದ್ದಲನ್ನು ನುಣ್ಣಗೆ ಬೀಸಿ, ಸಾಕಷ್ಟು ಗಾಳಿ ಕೊಟ್ಟು ಉರಿಸುವುದು ಎಲ್ಲಕ್ಕಿಂತ ಸುಲಭ. ಎರಡನೆಯದು, ಬೂದಿಯ ಕಣಗಳನ್ನು ಒಂದಕ್ಕೊಂದು ಉಜ್ಜಿಸುವುದು. ಇಂಗಾಲಕ್ಕೆ ಧನ ವಿದ್ಯುತ್ತೂ ಖನಿಜಕ್ಕೆ ಋಣ ವಿದ್ಯುತ್ತೂ ಏರಿ, ಎರಡೂ ವಿರುದ್ಧ ದಿಕ್ಕಿಗೆ ಬೇರೆಯಾಗುತ್ತವೆ. ಹೀಗೆ ದೊರೆತ ಇಂಗಾಲವನ್ನು ಮತ್ತೆ ಬಾಯ್ಲರಿಗೆ ಹಾಕಬಹುದು. ಮೂರನೆಯದು, ಬೂದಿಯನ್ನು ಇನ್ನೊಂದು ಕುಲುಮೆಯಲ್ಲಿ ಮತ್ತೆ ಸುಡುವುದು. ಅಮೆರಿಕದ ದಕ್ಷಿಣ ಕರೋಲಿನಾದ ವಾಟರೀ ಕೇಂದ್ರದಲ್ಲಿ 1999ರಲ್ಲಿ ಇಂತಹ ಕುಲುಮೆ ಕೆಲಸಕ್ಕೆ ತೊಡಗಿತು. ನಾಲ್ಕನೆಯದು, ಇಂಗಾಲವನ್ನು ತೆಗೆಯದೆಯೇ ಅದರ ಹಸಿವನ್ನು ತಣಿಸುವುದು. ಬೇರೊಂದು ದ್ರವವನ್ನು ಮೊದಲೇ ಸಿಂಪಡಿಸಿದರೆ ಅದು ರಂಧ್ರಗಳನ್ನು ಆಕ್ರಮಿಸಿಕೊಳ್ಳುತ್ತದೆ. ಮುಂದೆ ಹಾಕುವ ದ್ರವ ವ್ಯರ್ಥವಾಗುವುದಿಲ್ಲ.

ನಮ್ಮ ದೊಡ್ಡ ವಿದ್ಯುತ್ ಕೇಂದ್ರಗಳ ಬೂದಿ ಸಾಮಾನ್ಯವಾಗಿ ಮಿತಿಯೊಳಗೇ ಇರುತ್ತದೆ. ಅಪಾಯವಿರುವುದು ಸಣ್ಣ ಬಾಯ್ಲರುಗಳ ಬೂದಿಯಲ್ಲಿ. ಅದಕ್ಕಿಂತ ಹೆಚ್ಚಾಗಿ, ಇಂದೊಂದು ಬಗೆ ನಾಳೆಯೊಂದು ಬಗೆ ಬರುವ ಬೂದಿಯಲ್ಲಿ. ಬಣ್ಣವನ್ನು ನಂಬುವಂತಿಲ್ಲ, ಕಬ್ಬಿಣದ ಅಂಶದಿಂದಲೂ ಬೂದಿ ಕಪ್ಪಾಗಬಹುದು. ಪರೀಕ್ಷೆಯೊಂದೇ ಪ್ರಮಾಣ.

ಇಪ್ಪತ್ತು ವರ್ಷ ಗಲ್ಲೆಯ ಮುಂದೆಯೋ ಕಚೇರಿಯ ಕಡತಗಳ ಮುಂದೆಯೋ ಕುಳಿತು ಕೂಡಿಟ್ಟ ಹಣದಿಂದ ನಗರದ ಅಂಚಿನಲ್ಲೊಂದು ಮನೆ ಕಟ್ಟಿಸುವವರು ನಮ್ಮಲ್ಲಿ ಬಹಳ ಮಂದಿ. ಅವರು ಮೂರು ಮಾತುಗಳನ್ನು ನೆನಪಿನಲ್ಲಿಡಬೇಕು. ಐ.ಎಸ್.ಐ. ಗುರುತಿನ ಪಿ.ಪಿ.ಸಿ. ಚೀಲಕ್ಕೆ ಅಂಜಬೇಕಾಗಿಲ್ಲ. ಬಿಡಿ ಬೂದಿಯನ್ನು ಬೆರೆಸುವೆನೆಂದು ಗುತ್ತಿಗೆದಾರನು ಹೇಳಿದರೆ, ಕಾಯಿಸಿದಾಗ ಆದ ನಷ್ಟವೆಷ್ಟೆಂದು ಕೇಳಿ, ಪರೀಕ್ಷೆಯ ಕಾಗದವನ್ನು ನೋಡದೆ ಒಪ್ಪಕೂಡದು. ಮೂರನೆಯದಾಗಿ, ಬೂದಿಯ ಬೆಸುಗೆ ನಿಧಾನವಾದುದು. ಸಾದಾ ಸಿಮೆಂಟಿನ ಕೆಲಸಕ್ಕೆ ಏಳು ದಿನ ನೀರುಣಿಸಿದರೆ ಸಾಕಾಗುವಲ್ಲಿ, ಇದಕ್ಕೆ ಹತ್ತು ದಿನಗಳಾದರೂ ಬೇಕು. ಹೈದರಾಬಾದಿನ ಬಿಸಿಲಿನಲ್ಲಿ ಹದಿನಾಲ್ಕು ದಿನ ಉಣಿಸಿದರೆ ಇನ್ನೂ ಲೇಸು.