ಕ್ರಿಸ್ಮಸ್ ರಾತ್ರಿ ಚರ್ಚ್‌ನ ಪಕ್ಕದ ಬಾಗಿಲಿಗೆ ಬೀಗ ಇದೆಯಾ?

 

ಹೋದ ಡಿಸೆಂಬರ್ 24ರ ರಾತ್ರಿ ಗೆಳೆಯ ಕರೆದ ಅಂತ ಅವನ ಚರ್ಚ್‌ಗೆ ಹೋಗಿದ್ದೆ. ಗೋದಲಿ, ನಕ್ಷತ್ರ, ಸೀರಿಯಲ್ ಸೆಟ್, ಕ್ಯಾರಲ್ಸ್, ಎಲ್ಲಾ ಚೆಂದ. ಜನ ಕಿಕ್ಕಿರಿದಿದ್ರು. ಗಾಳಿ ಬೇಕು ಅಂತ ಪಕ್ಕದ ಬಾಗಿಲಿಗೆ ಹೋದ್ರೆ ಬೀಗ! ಮುಂದೆ ಪ್ಲಾಸ್ಟಿಕ್ ಕುರ್ಚಿಗಳ ರಾಶಿ ಬೇರೆ. ಕೇಳಿದ್ದಕ್ಕೆ, "ಸೇಫ್ಟಿಗೆ ಹಾಕಿದ್ದೀವಿ, ಯಾರಾದ್ರೂ ಹಿಂದಿನಿಂದ ನುಗ್ಗಿಬಿಟ್ರೆ?" ಅಂದ್ರು.

ಅವರ ಭಯ ಸುಳ್ಳಲ್ಲ. ಆದ್ರೆ ನನ್ನ ಭಯವೂ ಸುಳ್ಳಲ್ಲ. ಎರಡು ಘಟನೆ ಹೇಳ್ತೀನಿ.

2017ರ ಡಿಸೆಂಬರ್ 17, ಪಾಕಿಸ್ತಾನದ ಕ್ವೆಟ್ಟಾ. ಕ್ರಿಸ್ಮಸ್‌ಗೆ ಒಂದೇ ವಾರ ಬಾಕಿ. ಬೆಥೆಲ್ ಮೆಮೋರಿಯಲ್ ಮೆಥಡಿಸ್ಟ್ ಚರ್ಚ್ ಮೇಲೆ ಆತ್ಮಾಹುತಿ ದಾಳಿ ಆಯ್ತು. ಒಳಗೆ ನೂರಾರು ಜನ ಇದ್ರು. ಕಾವಲಿದ್ದವರು ತಿರುಗಿಬಿದ್ದಿದ್ದರಿಂದ ದೊಡ್ಡ ದುರಂತ ತಪ್ಪಿತು. ಆದ್ರೂ ಕನಿಷ್ಠ 9 ಜನ ಪ್ರಾಣ ಬಿಟ್ಟರು.

2022ರ ಆಗಸ್ಟ್ 14, ಈಜಿಪ್ಟ್‌ನ ಅಬು ಸೆಫೈನ್ ಚರ್ಚ್. ಅಲ್ಲಿ ದಾಳಿಕೋರ ಯಾರೂ ಇರಲಿಲ್ಲ. ಏಸಿಯಲ್ಲಿ ವಿದ್ಯುತ್ ದೋಷದಿಂದ ಬೆಂಕಿ ಹೊತ್ತಿತು. 41 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಹೆಚ್ಚಿನವರ ಪ್ರಾಣ ತೆಗೆದಿದ್ದು ಹೊಗೆ ಮತ್ತು ನೂಕುನುಗ್ಗಲು.

ಅಂದ್ರೆ ಲೆಕ್ಕ ಸಿಂಪಲ್: ಒಳಗೆ ಬರೋ ದಾರಿಗೆ ಕಾವಲು ಬೇಕು, ಹೊರಗೆ ಹೋಗೋ ದಾರಿಗೆ ಬೀಗ ಬೇಡ. ಪಕ್ಕದ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಪಕ್ಕದಲ್ಲೊಬ್ಬ ವಾಲಂಟಿಯರ್ ನಿಲ್ಲಿಸಿ. ಹೊರಗಿನವರು ನುಗ್ಗೋಕಾಗಲ್ಲ, ಒಳಗಿನವರು ಸಿಕ್ಕಿಹಾಕಿಕೊಳ್ಳಲ್ಲ.

ಇನ್ನು ಕರೆಂಟು. ಮಾಮೂಲಿ 6 ಆಂಪಿಯರ್ ಪ್ಲಗ್ ಪಾಯಿಂಟ್, 230 ವೋಲ್ಟ್. ಗುಣಿಸಿದ್ರೆ 1,380 ವ್ಯಾಟ್. 500 ವ್ಯಾಟ್‌ನ ಮೂರು ಹ್ಯಾಲೊಜನ್ ಲೈಟ್‌ಗಳನ್ನ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಸಿಕ್ಕಿಸಿದ್ರೆ 1,500 ಆಯ್ತು! ಮಿತಿ ಮೀರಿತು, ವೈರ್ ಬಿಸಿಯಾಗಬಹುದು. ಎಲ್‌ಇಡಿ ಹಾಕಿದ್ರೆ ಈ ತಲೆನೋವು ಬಹುಪಾಲು ಕಮ್ಮಿ.

ಗೋದಲಿಯಲ್ಲಿ ಏನಿರುತ್ತೆ? ಒಣಹುಲ್ಲು, ಹತ್ತಿ, ಥರ್ಮಾಕೋಲ್. ಮೂರೂ ಬೇಗ ಹೊತ್ತಿಕೊಳ್ಳೋ ವಸ್ತು. ಅದರ ಹತ್ರ ಮೇಣದಬತ್ತಿ ಬೇಡವೇ ಬೇಡ. ವೈರಿಂದ ಬೆಂಕಿ ಎದ್ರೆ ಮೊದಲು ಮೇನ್ ಸ್ವಿಚ್ ಆಫ್, ನೀರು ಎರಚೋದಲ್ಲ. ಜನರನ್ನ ಹೊರಗೆ ಕಳಿಸಿ, 112ಕ್ಕೆ ಫೋನ್ ಮಾಡಿ.

ನಾನು ಬಿಕಾಂ ಓದಿದವನು, ಕಾಣಿಕೆ ಡಬ್ಬಿ ಬಗ್ಗೆ ಹೇಳದೆ ಬಿಡ್ತೀನಾ? ಹಬ್ಬದ ದಿನ ದುಡ್ಡು ಜಾಸ್ತಿ ಬರುತ್ತೆ. ಒಬ್ಬರೇ ಎಣಿಸಬಾರದು. ಇಬ್ಬರು ಎಣಿಸಿ, ಇಬ್ಬರೂ ಸಹಿ ಹಾಕಲಿ. ಇದು ಅನುಮಾನ ಅಲ್ಲ, ಎಣಿಸೋರ ಹೆಸರನ್ನೇ ಕಾಪಾಡೋ ಪದ್ಧತಿ.

ಒಂದು ಮಾತು ನೆನಪಿಡಿ. ಕ್ರಿಸ್ಮಸ್‌ಗೆ ಹೊಸಬರು ಬರ್ತಾರೆ, ನನ್ನಂಥ ಬೇರೆ ಧರ್ಮದವರೂ ಬರ್ತಾರೆ. ಗೇಟಲ್ಲಿ ನಿಂತವರು ಎಲ್ಲರನ್ನೂ ಗುಮಾನಿಯಿಂದ ನೋಡಿದ್ರೆ ಹಬ್ಬ ಅಲ್ಲೇ ಮುಗೀತು. "ಬನ್ನಿ, ಬ್ಯಾಗ್ ಒಂದ್ಸಲ ತೋರಿಸ್ತೀರಾ?" ಅಂತ ನಗುತ್ತಾ ಕೇಳಿದ್ರೂ ತಪಾಸಣೆ ಆಗುತ್ತೆ.

ಈ ಸಲ ಗೆಳೆಯನಿಗೆ ಮೊದಲೇ ಫೋನ್ ಮಾಡಿದೆ. "ಕುರ್ಚಿ ತೆಗೆಸಿದ್ವಿ ಕಣೋ, ಬಾಗಿಲ ಹತ್ರ ನಾನೇ ನಿಲ್ತೀನಿ" ಅಂದ. ನಿಮ್ಮೂರ ಚರ್ಚ್‌ಗೂ ಹೋದಾಗ ಆ ಪಕ್ಕದ ಬಾಗಿಲು ಒಮ್ಮೆ ನೋಡಿ. ಬೀಗ ಕಂಡ್ರೆ, ದಯವಿಟ್ಟು ಕೇಳಿ.

ಸಿಗೋಣ ಮುಂದಿನ ಎಪಿಸೋಡ್‌ನಲ್ಲಿ.